ರಜೆ ಕೊಡುವ ಲೋಲಾಕ್ಷಿ ಮೇಡಂ

“ನಿಮಗಿಂತ ಈ ಬಾಗಿಲಿಗೆ ಬುದ್ಧಿ ಜಾಸ್ತಿ ಉಂಟು ಪೂವಪ್ಪ! ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಅಂತ ಅದಕ್ಕಾದರೂ ಗೊತ್ತಾಗ್ತದೆ.”

ಮ್ಯಾನೇಜರ್ ಯುಜಿನ್ ಸಾಹೇಬರು ಇದನ್ನು ಕ್ಯಾಬಿನ್ನಿನೊಳಗೆ ಕರೆದು ಹೇಳಬಹುದಿತ್ತು. ಆದರೆ ಬೈಗುಳವನ್ನು ನಾಲ್ಕು ಜನರ ಎದುರು ಬಡಿಸದಿದ್ದರೆ ರುಚಿ ಬರುವುದಿಲ್ಲ ಎಂಬುದು ಮ್ಯಾನೇಜರ್ ಆದವರಿಗೆಲ್ಲ ಹುಟ್ಟಿನಿಂದ ಬಂದ ಜ್ಞಾನ. ಆದ್ದರಿಂದ ಅವರು ಆಫೀಸಿನ ಗಾಜಿನ ಬಾಗಿಲಿನೆದುರೇ ನಿಂತು, ರಿಸೆಪ್ಷನ್ನಿನ ಶಾರನ್, ಅಕೌಂಟ್ಸಿನ ಫರ್ಝಾನ, ಡ್ರೈವರ್ ಬಾವ, ಚಹಾದ ಕಪ್ಪು ಹಿಡಿದ ಮೆಕ್ಯಾನಿಕ್‌ಗಳು, ಎಲ್ಲರಿಗೂ ಕೇಳುವಂತೆ ಹೇಳಿದರು. ಆಗಸ್ಟಿನ ಬಿಸಿಲಲ್ಲಿ ಬೆಂದು ಈಗಷ್ಟೇ ಒಳಗೆ ಬಂದ ಸೇಲ್ಸಿನ ಸುಶಾಂತನೂ ಅವನು ಕರೆತಂದ ದೊಡ್ಡ ಗಿರಾಕಿಯೂ ಟಿಶ್ಯೂ ಪೇಪರಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಸಾಕ್ಷಿಗೆ ನಿಂತಿದ್ದರು.

ಆದದ್ದಿಷ್ಟೆ. ದುಬೈಯ ಆ ಏಸಿ ರಿಪೇರಿ ಕಂಪನಿಯಲ್ಲಿ ಇಬ್ಬರು ಸುಶಾಂತರು. ಒಬ್ಬ ಕೆಲಸ ಬಿಟ್ಟು ಊರಿಗೆ ಹೋಗಿದ್ದ. ಹೋದವನ ಕಾರ್ಡು ಬಂದ್ ಮಾಡುವ ಬದಲು ಪೂವಪ್ಪ ಇದ್ದವನ ಕಾರ್ಡು ಬಂದ್ ಮಾಡಿದ್ದ. ಹೋದವನು ಪುತ್ತೂರಿನಲ್ಲಿ ಕೂತು ಬೇಕಾದರೆ ಈಗಲೂ ಜೆಬೆಲ್ ಅಲಿಯ ಗೋಡೌನ್ ತೆರೆಯಬಹುದಿತ್ತು. ಇದ್ದವನು ಗಿರಾಕಿಯ ಜೊತೆ ಬಾಗಿಲ ಹೊರಗೆ ಹಪ್ಪಳವಾಗುತ್ತಿದ್ದ.

ಪೂವಪ್ಪ ಆಫೀಸಿನ ಡೈರೆಕ್ಟರಿ ನೋಡಿಕೊಳ್ಳುವವನು. ಡೈರೆಕ್ಟರಿ ಎಂದರೆ ಒಂದು ಸಾಫ್ಟ್‌ವೇರು; ಕಂಪನಿಯಲ್ಲಿ ಯಾರು ಯಾರಿದ್ದಾರೆ, ಯಾರ ಕಾರ್ಡಿಗೆ ಯಾವ ಬಾಗಿಲು ತೆರೆಯಬೇಕು, ಯಾರ ರಜೆಗೆ ಯಾರು ಹೂಂ ಅನ್ನಬೇಕು ಎಂಬುದೆಲ್ಲ ಅದರ ಹೊಟ್ಟೆಯಲ್ಲಿ. ಹೂಂ ಅನ್ನುವ ಅಧಿಕಾರವೆಲ್ಲ ಯುಜಿನ್ ಸಾಹೇಬರದು. ಬಾಗಿಲು, ಪಾಸ್‌ವರ್ಡು, ರಜೆ, ಸ್ಟೋರಿನ ಬಲ್ಬು ಕೂಡ. ಅಧಿಕಾರವನ್ನು ಅವರು ಉಪಯೋಗಿಸುತ್ತಿರಲಿಲ್ಲ, ಇಟ್ಟುಕೊಳ್ಳುತ್ತಿದ್ದರು, ಅಷ್ಟೆ. ಯಾರು ಏನು ಕೇಳಿದರೂ ಒಂದೇ ಉತ್ತರ: “ಸೋಮವಾರ ನೋಡುವ.”

ಡ್ರೈವರ್ ಬಾವನಿಗೂ ಅದೇ ಉತ್ತರ ಸಿಕ್ಕಿತ್ತು. ಅವನ ಮಗಳು ಹನಾಳ ನಿಕಾಹ್ ಉಪ್ಪಿನಂಗಡಿಯಲ್ಲಿ ನಿಶ್ಚಯವಾಗಿತ್ತು, ಹಾಲ್ ಬುಕ್ಕಾಗಿತ್ತು, ಬಿರಿಯಾನಿಯವನಿಗೆ ಅಡ್ವಾನ್ಸ್ ಹೋಗಿತ್ತು. ಹುಡುಗಿಯ ಅಪ್ಪನ ರಜೆ ಮಾತ್ರ ಸೋಮವಾರದಿಂದ ಸೋಮವಾರಕ್ಕೆ ಜಿಗಿಯುತ್ತ ಸಾಹೇಬರ ಕಂಪ್ಯೂಟರಿನೊಳಗೇ ಇತ್ತು. ಇಷ್ಟು ವರ್ಷ ಎಲ್ಲರನ್ನೂ ಏರ್‌ಪೋರ್ಟಿಗೆ ಬಿಟ್ಟು ಬಂದ ಬಾವ, ತನ್ನನ್ನು ಯಾರಾದರೂ ಬಿಟ್ಟು ಬರುವ ದಿನಕ್ಕಾಗಿ ಕಾಯುತ್ತಿದ್ದ.

“ಇನ್ನು ನಿಮ್ಮ ಕೈಯಲ್ಲಿ ಎಂತದೂ ಬೇಡ,” ಎಂದರು ಸಾಹೇಬರು. “ಅಬುಧಾಬಿ ಹೆಡ್ ಆಫೀಸಿನಿಂದ ಆರ್ಡರ್ ಬಂದಾಗಿದೆ. ಇನ್ನು ಮುಂದೆ ಎಲ್ಲ ಆಟೋಮ್ಯಾಟಿಕ್. ಸಾಫ್ಟ್‌ವೇರೇ ನೋಡ್ತದೆ, ಅದೇ ಮಾಡ್ತದೆ. ಅದಕ್ಕೊಂದು ಅಕೌಂಟ್ ಮಾಡಿ, ನನ್ನ ಪರ್ಮಿಷನ್‌ನಲ್ಲಿ ಎರಡೇ ಎರಡು ಅದಕ್ಕೆ ಕೊಡಿ: ರಜೆ ಮತ್ತು ಬಾಗಿಲಿನ ಕಾರ್ಡು. ಇಷ್ಟಾದರೂ ಆಗ್ತದಾ?”

“ಆಗ್ತದೆ ಸಾರ್,” ಎಂದ ಪೂವಪ್ಪ. ಅವನ ಜೀವನದ ಎಲ್ಲ ತೊಂದರೆಗಳೂ ಈ ಎರಡು ಪದಗಳಿಂದಲೇ ಶುರುವಾದವು.

ಸ್ಕ್ರೀನ್ ತೆರೆದ. ಹೊಸ ಅಕೌಂಟ್. ಮೊದಲ ಪ್ರಶ್ನೆಯೇ: ಹೆಸರು?

ಇಲ್ಲಿ ಯೋಚಿಸಬೇಕಾಯಿತು. ಬೇರೆ ಕಂಪನಿಗಳಲ್ಲಿ ಇಂಥ ಅಕೌಂಟಿಗೆ ಒಂದಷ್ಟು ಅಕ್ಷರ, ಒಂದಷ್ಟು ನಂಬರ್ ಹಾಕಿ ಮುಗಿಸುತ್ತಾರಂತೆ. ಪೂವಪ್ಪನಿಗೆ ಅದು ಮನಸ್ಸಿಗೆ ಬರಲಿಲ್ಲ. ಈ ದೇಶಕ್ಕೆ ಬಂದಂದಿನಿಂದ ಅವನು ಕಂಡದ್ದು ಒಂದೇ ರೀತಿ: ಬೀಗದ ಕೈ ಕೊಡುವುದಾದರೆ ಗುರುತಿನ ಮನುಷ್ಯನಿಗೆ. ಬ್ಯಾಚುಲರ್ ರೂಮಿನಲ್ಲಿದ್ದಾಗ ಊರಿಗೆ ಹೋಗುವವನು ಬೀಗದ ಕೈ, ಸಿಮ್ ಕಾರ್ಡು, ಉಪ್ಪಿನಕಾಯಿ ಭರಣಿ, ಮೂರನ್ನೂ ನಂಬಿಕಸ್ಥನ ಕೈಗಿಟ್ಟೇ ವಿಮಾನ ಹತ್ತುತ್ತಿದ್ದ. ನಂಬರಿನ ಕೈಗೆ ಯಾರಾದರೂ ಬೀಗದ ಕೈ ಕೊಡುತ್ತಾರೆಯೇ?

ಹಾಗಾದರೆ ಕಣ್ಣು ಮುಚ್ಚಿ ಬೀಗದ ಕೈ ಕೊಡಬಹುದಾದವರು ಯಾರು? ಪೂವಪ್ಪನಿಗೆ ಭೂಮಿಯ ಮೇಲೆ ಒಂದೇ ಹೆಸರು ಹೊಳೆಯಿತು. ಟೈಪ್ ಮಾಡಿದ: ಲೋಲಾಕ್ಷಿ ಕುಂಜಾಡಿ. ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ, ತವರುಮನೆಯ ಹೆಸರಿನ ಸಮೇತ, ಅವನ ಹೆಂಡತಿ.

ಫೋಟೋ ಇಲ್ಲದೆ ಸಾಫ್ಟ್‌ವೇರು ಮುಂದೆ ಹೋಗಲಿಲ್ಲ. ಪರ್ಸಿನಲ್ಲಿ ಬಿಳಿ ಹಿನ್ನೆಲೆಯ ಫೋಟೋ ಇಟ್ಟುಕೊಳ್ಳದ ಗಲ್ಫ್ ಗಂಡ ಯಾರಿದ್ದಾನೆ? ವೀಸಾ ರಿನ್ಯೂವಲ್‌ಗೆ ಉಳಿದದ್ದನ್ನು ತೆಗೆದು ಸ್ಕ್ಯಾನ್ ಮಾಡಿ ಹಾಕಿದ. ಈ ಅಕೌಂಟಿಗೆ ಜವಾಬ್ದಾರಿ ಯಾರು, ಮೊಬೈಲ್ ನಂಬರ್ ಏನು ಎಂದು ಕೇಳಿತು. ತನ್ನ ನಂಬರ್ ಹಾಕಿದರೆ ಮತ್ತೆ ಸಾಹೇಬರ ಬೈಗುಳ ತನಗೇ. ಲೋಲಾಕ್ಷಿಯದನ್ನೇ ಹಾಕಿದ.

ಕೊನೆಗೆ ಬಂತು ಅಧಿಕಾರಗಳ ಸಾಲು. ಎರಡೇ ಕೊಡಿ ಎಂದಿದ್ದರು ಸಾಹೇಬರು. ಆದರೆ ಹೆಂಡತಿಯ ಫೋಟೋ ಎದುರಿಗಿಟ್ಟುಕೊಂಡು, ಅಡಿಗೆ ಕೋಣೆಯ ಬೀಗದ ಕೈ ನಿನಗೆ, ಕಪಾಟಿನದು ನಿನಗಿಲ್ಲ ಎನ್ನುವುದು ಹೇಗೆ? ಮನೆಯಲ್ಲಿ ಅಕ್ಕಿ ಎಷ್ಟು, ಮಗಳ ಸ್ಕೂಲ್ ಯಾವುದು, ಪೂವಪ್ಪ ಯಾವ ಶರ್ಟು ಹಾಕಬೇಕು ಎಂಬ ಎಲ್ಲ ಅಧಿಕಾರವೂ ಇದ್ದವಳಿಗೆ ಆಫೀಸಿನಲ್ಲಿ ಮಾತ್ರ ಅರ್ಧ ಎಂದರೆ ಅವಮಾನವಲ್ಲವೇ? ಎಲ್ಲದಕ್ಕೂ ಟಿಕ್ ಹಾಕಿದ. ಎಲ್ಲ ನೌಕರರ ಮೇಲೆ, ಎಲ್ಲ ಬಾಗಿಲುಗಳ ಮೇಲೆ, ಎಲ್ಲ ಮ್ಯಾನೇಜರುಗಳ ಮೇಲೆ. ಸಾಹೇಬರ ಒಪ್ಪಿಗೆ ಬೇಕೆಂದಿತು. ಸಾಹೇಬರು ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದರು. ಕಾಗದ ನೋಡದೆ ಸಹಿ ಹಾಕುವವರ ಹಾಗೆ, ಸ್ಕ್ರೀನ್ ನೋಡದೆ ಓಕೆ ಒತ್ತಿದರು.

ಬಾವ ಕ್ಯಾಂಟೀನಿನಲ್ಲಿ ಚಹಾಕ್ಕೆ ಸಕ್ಕರೆ ಹಾಕಿ ಕಲಕುತ್ತಿದ್ದಾಗ ಫೋನು ಟಿಂಗ್ ಎಂದಿತು. “ನಿಮ್ಮ ರಜೆ ಮಂಜೂರಾಗಿದೆ. ಶುಭ ಪ್ರಯಾಣ. – ಲೋಲಾಕ್ಷಿ ಕುಂಜಾಡಿ.” ನಿಯಮದಲ್ಲಿ ರಜೆ ಬಾಕಿಯಿತ್ತು, ಸಾಫ್ಟ್‌ವೇರು ಕೊಟ್ಟಿತು, ಅದಕ್ಕೆ ಸೋಮವಾರ ಗೊತ್ತಿರಲಿಲ್ಲ. ಬಾವ ಕಲಕುವುದನ್ನು ನಿಲ್ಲಿಸಿದ. ಪಕ್ಕದಲ್ಲಿದ್ದ ಮೆಕ್ಯಾನಿಕ್‌ನ ಫೋನು ಟಿಂಗ್ ಎಂದಿತು. ಆಚೆ ಮೇಜಿನದೂ ಟಿಂಗ್. ವರ್ಷಗಟ್ಟಲೆ ಸಿಕ್ಕಿಕೊಂಡಿದ್ದ ರಜೆಗಳೆಲ್ಲ ಗಂಟಲು ಬಿಚ್ಚಿದಂತೆ ಹೊರಗೆ ಬಂದವು.

“ಯಾರು ಮಾರಾಯ ಈ ಮೇಡಂ?”

“ಹೊಸಬರು. ಫೋಟೋ ನೋಡು, ನಮ್ಮ ಕಡೆಯವರ ಹಾಗೆ ಇದ್ದಾರೆ.”

“ರಜೆಯ ದಿನ ಶುಕ್ರವಾರವೂ ಕೆಲಸ ಮಾಡ್ತಾರೆ, ಪಾಪ. ಮನೆ ಮಠ ಇಲ್ವೋ ಏನೋ,” ಎಂದು ಫರ್ಝಾನ ಮರುಗಿದಳು. ಮೇಡಂ ಬಂದರೆ ಇರಲಿ ಎಂದು ಶಾರನ್ ಒಂದು ಹೊಸ ಕುರ್ಚಿ ತರಿಸಿ, ಪ್ಲಾಸ್ಟಿಕ್ ತೆಗೆಯದೆ, ಕಿಟಕಿಯ ಪಕ್ಕ ಇಡಿಸಿದಳು.

ಇನ್ನು ಯುಜಿನ್ ಸಾಹೇಬರು. ಸಾಫ್ಟ್‌ವೇರಿಗೆ ಹೆಸರು, ಫೋಟೋ ಇರುವುದುಂಟೇ? ತಮ್ಮ ಕೈಯ ರಜೆಗಳನ್ನೆಲ್ಲ ಯಾರೋ ಹೆಂಗಸು ಕೇಳದೆ ಹಂಚುತ್ತಿದ್ದಾಳೆ ಎಂದರೆ ಅವಳು ಅಬುಧಾಬಿ ಹೆಡ್ ಆಫೀಸಿನಿಂದ ತಮ್ಮ ತಲೆಯ ಮೇಲೆ ಕೂರಿಸಿದವಳೇ ಇರಬೇಕೆಂದು ತೀರ್ಮಾನಿಸಿ ಬೆವರಿದರು. ಕೆಳಗಿನವರಿಗೆ ಹುಲಿಯಾದವರು ಮೇಲಿನವರಿಗೆ ಏನಾಗುತ್ತಾರೆಂದು ಹೇಳಬೇಕಾಗಿಲ್ಲ. ದಿನಾ ಬೆಳಿಗ್ಗೆ “ಗುಡ್ ಮಾರ್ನಿಂಗ್ ಲೋಲಾಕ್ಷಿ ಮೇಡಂ, ತಮ್ಮ ಕಾರ್ಯವೈಖರಿ ಅದ್ಭುತ” ಎಂದು ಮೇಲ್ ಕಳಿಸತೊಡಗಿದರು. ಉತ್ತರ ಬರುತ್ತಿರಲಿಲ್ಲ. ಉತ್ತರ ಬಾರದಷ್ಟೂ ಸಾಹೇಬರ ಗೌರವ ಹೆಚ್ಚಾಯಿತು.

ಅತ್ತ ಹೆಡ್ ಆಫೀಸಿನ ಮೈಮೂನ ಮೇಡಂ ರಿಪೋರ್ಟು ನೋಡಿ, ದುಬೈ ಆಫೀಸಿಗೆ ಎಂಥ ಚುರುಕಿನ ಹೆಂಗಸು ಸಿಕ್ಕಿದ್ದಾಳೆ ಎಂದು ಸಂತೋಷಪಟ್ಟರು. ಅವರು ಇವರವಳೆಂದು, ಇವರು ಅವರವಳೆಂದು ನಂಬಿದರು. ದೊಡ್ಡ ಕಂಪನಿಗಳು ನಡೆಯುವುದೇ ಹೀಗೆ.

ಪೂವಪ್ಪನಿಗೆ ಮೊದಲು ಹೆಮ್ಮೆಯಾಯಿತು, ಆಮೇಲೆ ಭಯವಾಯಿತು. ಹೆಸರು ಬದಲಿಸಲು ಹೋದ. ಸಾಫ್ಟ್‌ವೇರು ನಯವಾಗಿ ಹೇಳಿತು: ಈ ಅಕೌಂಟನ್ನು ಮುಟ್ಟಲು ಇದರ ಜವಾಬ್ದಾರಿ ಹೊತ್ತವರ ಅಪ್ಪಣೆ ಬೇಕು, ಲೋಲಾಕ್ಷಿ ಕುಂಜಾಡಿಯವರ ಮೊಬೈಲಿಗೆ ಸಂದೇಶ ಕಳಿಸಲಾಗಿದೆ. ಕೆಳಗೆ ಇನ್ನೊಂದು ಸಾಲು: ಅಕೌಂಟ್ ಬದಲಿಸಿದರೆ ಅಥವಾ ಅಳಿಸಿದರೆ, ಅದು ಮಂಜೂರು ಮಾಡಿದ, ಇನ್ನೂ ಶುರುವಾಗದ ರಜೆಗಳು ಹಿಂದಿನ ಅಧಿಕಾರಿಗೆ ವಾಪಸ್ ಹೋಗುತ್ತವೆ.

ಹಿಂದಿನ ಅಧಿಕಾರಿ ಎಂದರೆ ಯುಜಿನ್ ಸಾಹೇಬರು. ಸೋಮವಾರ ನೋಡುವ. ಬಾವನ ಟಿಕೆಟು ಶನಿವಾರಕ್ಕೆ.

ಡಿಸ್ಕವರಿ ಗಾರ್ಡನ್ಸ್‌ನ ಮನೆಯಲ್ಲಿ ಲೋಲಾಕ್ಷಿಯ ಫೋನು ಟಿಂಗ್ ಎಂದಾಗ ಪಕ್ಕದ ಫ್ಲಾಟಿನ ಸುಮಿತ್ರಾ ಅಲ್ಲೇ ಕೂತು ಬಸಳೆ ಸೋಸುತ್ತಿದ್ದಳು. “ಒತ್ತಬೇಡಿ ಅಕ್ಕಾ! ಆಕ್ಸೆಪ್ಟ್ ಅಂತ ಒತ್ತಿದರೆ ಖಲಾಸ್, ಬ್ಯಾಂಕಲ್ಲಿ ಇದ್ದದ್ದೆಲ್ಲ ಹೋಗ್ತದೆ. ನಮ್ಮ ನಾದಿನಿಯದ್ದು ಹೋಯ್ತಲ್ಲ!” ಲೋಲಾಕ್ಷಿ ಫೋನನ್ನು ಬಿಸಿ ಬಾಣಲೆ ಮುಟ್ಟಿದವಳ ಹಾಗೆ ಕೆಳಗಿಟ್ಟಳು.

ಅಷ್ಟರಲ್ಲಿ ಬೆಲ್ಲಾಯಿತು. ಬಾಗಿಲಲ್ಲಿ ಬಾವ. ಒಂದು ಕೈಯಲ್ಲಿ ಅಲ್ ಐನ್‌ನಿಂದ ತಂದ ಖರ್ಜೂರದ ಪೆಟ್ಟಿಗೆ, ಇನ್ನೊಂದರಲ್ಲಿ ವೀಡಿಯೋ ಕಾಲ್ ಹಚ್ಚಿದ ಫೋನು. ಹಿಂದೊಮ್ಮೆ ಏರ್‌ಪೋರ್ಟಿನಿಂದ ಈ ಸಂಸಾರವನ್ನು ಕರೆತಂದವನೇ ಅವನು. ಫೋಟೋ ನೋಡಿದ ಕೂಡಲೇ ಗುರುತು ಹಿಡಿದಿದ್ದ.

“ಅಕ್ಕಾ, ನೀವು ಅಂತ ನನಗೆ ಆಗಲೇ ಗೊತ್ತಾಯ್ತು. ಯಾರಿಗೂ ಹೇಳಲಿಲ್ಲ. ಪೂವಪ್ಪಣ್ಣ ಸುಮ್ಮನೆ ಇದ್ದಾರೆ ಅಂದರೆ ಏನೋ ಕಾರಣ ಇರ್ತದೆ ಅಂತ ನಾನೂ ಸುಮ್ಮನಾದೆ. ಇಗೊಳ್ಳಿ, ನಮ್ಮ ಮನೆಯವಳು ಮಾತಾಡಬೇಕಂತೆ.”

ಫೋನಿನೊಳಗಿಂದ ಉಪ್ಪಿನಂಗಡಿಯ ಖೈರುನ್ನಿಸ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ಲೋಲಾಕ್ಷಕ್ಕಾ, ನಿಮ್ಮ ಕೈ ತಣ್ಣಗಿರಲಿ. ಮಗಳು ಹುಟ್ಟಿದಾಗಲೂ ಇವರು ಇಲ್ಲಿ ಇರಲಿಲ್ಲ. ನಿಕಾಹ್‌ಗಾದರೂ ಇರ್ತಾರಲ್ಲ, ನಿಮ್ಮಿಂದ. ಹನಾ, ಬಾ, ಇವರೇ ರಜೆ ಕೊಟ್ಟ ಮೇಡಂ.”

ಮದುಮಗಳು ನಾಚಿಕೊಂಡು ಸಲಾಂ ಹೇಳಿದಳು. ಲೋಲಾಕ್ಷಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಆದರೆ ಅಳುವ ಹೆಂಗಸಿಗೆ ಇಲ್ಲವೆನ್ನಲಾಗದೆ, “ಒಳ್ಳೇದಾಗಲಿ ಮಗಾ” ಎಂದಳು. ಸುಮಿತ್ರಾ ಬಸಳೆ ಬಿಟ್ಟು ಎದ್ದಳು. ಆ ಸಂಜೆಗೆ ಇಡೀ ಬಿಲ್ಡಿಂಗಿಗೆ ಸುದ್ದಿ ಮುಟ್ಟಿತು: ಲೋಲಾಕ್ಷಿಗೆ ದೊಡ್ಡ ಕೆಲಸ ಸಿಕ್ಕಿದೆ, ನಮ್ಮ ಹತ್ತಿರ ಮುಚ್ಚಿಟ್ಟಿದ್ದಾಳೆ.

ಪೂವಪ್ಪ ಮನೆಗೆ ಬಂದಾಗ ಹೆಂಡತಿ ಸೋಫಾದ ನಡುಮಧ್ಯದಲ್ಲಿ ಕೂತಿದ್ದಳು. ನಡುಮಧ್ಯದಲ್ಲಿ ಕೂತರೆ ವಿಚಾರಣೆ ಇದೆ ಎಂದರ್ಥ.

“ಯಾರದು ನಿಮ್ಮ ಆಫೀಸಿನಲ್ಲಿ ಲೋಲಾಕ್ಷಿ?”

ಅವನು ಹೇಳಿದ. ಚಪ್ಪಲಿ ಬಿಚ್ಚದೆ, ನೀರು ಕುಡಿಯದೆ, ಟಿಕ್ಕಿನಿಂದ ಟಿಂಗಿನವರೆಗೆ ಎಲ್ಲ ಹೇಳಿದ. ಒಂಬತ್ತನೇ ಕ್ಲಾಸಿನ ಮಗಳು ನಿಖಿತಾ ಪುಸ್ತಕದಿಂದ ತಲೆಯೆತ್ತಿದಳು. “ಪಪ್ಪಾ, ದಿಸ್ ಈಸ್ ಸೋ ಇಲ್ಲೀಗಲ್.”

“ನೀನು ಓದು,” ಎಂದಳು ಲೋಲಾಕ್ಷಿ. ಆಮೇಲೆ ಕೇಳಿದಳು, “ಯಾವ ಫೋಟೋ ಹಾಕಿದ್ದು?”

“ವೀಸಾದ್ದು.”

“ಅಯ್ಯೋ ದೇವರೇ! ಅದರಲ್ಲಿ ನಾನು ಕಳ್ಳಿಯ ಹಾಗೆ ಕಾಣ್ತೇನಲ್ಲ! ಮದುವೆಗೆ ಹೋದದ್ದು ಒಂದು ಹಾಕ್ಲಿಕ್ಕೆ ಆಗ್ತಿರಲಿಲ್ವಾ?”

ಪೂವಪ್ಪನಿಗೆ ಅರ್ಧ ಜೀವ ಬಂತು.

“ನಾನು ಅಲ್ಲಿ ಎಂತ ಕೆಲಸ ಮಾಡುದು?”

“ಬಂದವರಿಗೆ ಬಾಗಿಲು ತೆಗೆಯುದು. ಹೋಗುವವರನ್ನು ಕಳಿಸಿ ಕೊಡುದು.”

“ಅಷ್ಟೇಯಾ? ಇಲ್ಲಿಯೂ ಅದೇ ಅಲ್ವಾ ಮಾಡುದು.” ನಕ್ಕಳು. ಆಮೇಲೆ ನಗು ಸ್ವಲ್ಪ ಓರೆಯಾಯಿತು. ಲೋಲಾಕ್ಷಿ ಬಿ.ಕಾಂ. ಮದುವೆಯಾಗಿ ಬಂದ ಹೊಸತರಲ್ಲಿ ಫೈಲು ಎದೆಗವಚಿಕೊಂಡು ಬಸ್ಸು ಹತ್ತಿ ಆಫೀಸು ಆಫೀಸು ಅಲೆದಿದ್ದಳು. ಎಲ್ಲ ಕಡೆಯೂ ಒಂದೇ ಪ್ರಶ್ನೆ, ಗಲ್ಫ್ ಎಕ್ಸ್‌ಪೀರಿಯನ್ಸ್ ಉಂಟಾ? ಕೆಲಸ ಕೊಡದೆ ಎಕ್ಸ್‌ಪೀರಿಯನ್ಸ್ ಎಲ್ಲಿಂದ ತರುವುದೆಂದು ಆ ಸೂಟು ಹಾಕಿದವರಲ್ಲಿ ಯಾರೂ ಹೇಳಲಿಲ್ಲ. ಒಂದು ದಿನ ಫೈಲು ಮಂಚದ ಅಡಿ ಸೇರಿತು, ಮೇಲೆ ಸೂಟ್‌ಕೇಸು ಬಿತ್ತು.

“ಓಯ್, ಈಗ ನನಗೆ ಗಲ್ಫ್ ಎಕ್ಸ್‌ಪೀರಿಯನ್ಸ್ ಆಯ್ತಲ್ವಾ?”

ಪೂವಪ್ಪ ಚಪ್ಪಲಿ ಬಿಚ್ಚಿ ಅವಳ ಪಕ್ಕ ಕೂತ. “ಆಕ್ಸೆಪ್ಟ್ ಒತ್ತು ಮಾರಾಯ್ತಿ. ಹೆಸರು ತೆಗೆದುಬಿಡುವ. ಗೊತ್ತಾದರೆ ನನ್ನ ಕೆಲಸ ಹೋಗ್ತದೆ.”

“ಒತ್ತಿದರೆ ಬಾವಣ್ಣನ ರಜೆ?”

“ಸಾಹೇಬರ ಹತ್ತಿರ ವಾಪಸ್.”

ಲೋಲಾಕ್ಷಿ ಫೋನನ್ನು ಹ್ಯಾಂಡ್‌ಬ್ಯಾಗಿಗೆ ಹಾಕಿ ಜಿಪ್ಪು ಎಳೆದಳು. “ಆ ಹುಡುಗಿಗೆ ಒಳ್ಳೇದಾಗಲಿ ಅಂತ ಬಾಯಿಬಿಟ್ಟು ಹೇಳಿದ್ದೇನೆ. ಅವನ ವಿಮಾನ ಮೊದಲು ಹಾರಲಿ. ನಿಮ್ಮ ಕೆಲಸ ಹೋದರೆ ನಾನು ದುಡೀತೇನೆ, ಎಕ್ಸ್‌ಪೀರಿಯನ್ಸ್ ಉಂಟಲ್ಲ.”

ಶುಕ್ರವಾರ ಮಧ್ಯಾಹ್ನ ಕಂಪನಿಯ ವಾರ್ಷಿಕ ಊಟ, ಊದ್ ಮೇಥಾದ ಕ್ಲಬ್ಬಿನ ಹಾಲ್‌ನಲ್ಲಿ. ಸಂಸಾರ ಸಮೇತ ಬರಬೇಕೆಂದು ಆಜ್ಞೆ. ಮನೆಯಲ್ಲೇ ಇರು ಎಂದು ಪೂವಪ್ಪ ಬೇಡಿಕೊಂಡ. “ನಾನು ಕೆಲಸ ಮಾಡುವ ಆಫೀಸಿನ ಊಟಕ್ಕೆ ನಾನೇ ಹೋಗದಿದ್ದರೆ ಹೇಗೆ?” ಎಂದು ಅವಳು ನೀಲಿ ಸೀರೆಗೆ ಪಿನ್ನು ಹಾಕಿದಳು. ಮೂಲೆಯ ಮೇಜು ಹಿಡಿದು, ಹೂವಿನ ಕುಂಡದ ಮರೆಯಲ್ಲಿ ಕೂತರು. ಬಾವನೂ ಅಲ್ಲೇ ಬಂದು ಕೂತ. ನಾಳೆಯ ಲಗೇಜು ತೂಕ ಮಾಡಿ ಮಾಡಿ ಅವನ ಕೈ ನೋಯುತ್ತಿತ್ತು, ಮುಖ ಮಾತ್ರ ಹಬ್ಬವಾಗಿತ್ತು.

ಬಿರಿಯಾನಿಗೆ ಮುಂಚೆ ಭಾಷಣ. ಮೈಮೂನ ಮೇಡಂ ಮೈಕ್ ಹಿಡಿದು ದುಬೈಯ ಹಿಂದಿಯಲ್ಲಿ ಹೇಳಿದರು: “ಈ ವರ್ಷ ನಮ್ಮ ಅತ್ಯುತ್ತಮ ನೌಕರರು ದುಬೈ ಆಫೀಸಿನವರು. ಲೋಲಾಕ್ಷಿ ಕುಂಜಾಡಿ!”

ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ವೀಸಾ ಫೋಟೋ ಬಂತು. “ನಾನು ಹೇಳಿರಲಿಲ್ವಾ, ಕಳ್ಳಿಯ ಹಾಗೆ,” ಎಂದಳು ಲೋಲಾಕ್ಷಿ ಮೆಲ್ಲಗೆ. ಮೆಕ್ಯಾನಿಕ್‌ಗಳು ಪರದೆ ನೋಡಿದರು, ಮೂಲೆ ನೋಡಿದರು, ಎದ್ದು ನಿಂತು ಚಪ್ಪಾಳೆ ಹೊಡೆದರು. ಚಪ್ಪಾಳೆಯಲ್ಲ ಅದು, ಆಲಿಕಲ್ಲು ಬಿದ್ದಂತೆ. “ಹೋಗಿ ಅಕ್ಕಾ,” ಎಂದ ಬಾವ. ಅವಳು ಹೋದಳು. ಸಡಿಲಾದ ನೆರಿಗೆಯನ್ನು ಸರಿಮಾಡಿಕೊಳ್ಳುತ್ತ, ಯಾವುದೋ ಮದುವೆಯಲ್ಲಿ ಹೆಣ್ಣಿನ ಕಡೆಯ ಹಿರಿಯಳು ಹೋಗುವ ಹಾಗೆ.

ಯುಜಿನ್ ಸಾಹೇಬರು ಹೂಗುಚ್ಛ ಹಿಡಿದು ಓಡಿ ಬಂದರು. ಸೊಂಟ ಅರ್ಧಕ್ಕೆ ಬಾಗಿತ್ತು. “ವೆಲ್‌ಕಮ್ ಮೇಡಂ! ಅಬುಧಾಬಿಯಿಂದ ಯಾವಾಗ ಬಂದದ್ದು? ಟ್ರಾಫಿಕ್ ಇತ್ತಾ?”

“ನಾನು ಡಿಸ್ಕವರಿ ಗಾರ್ಡನ್ಸ್‌ನಲ್ಲೇ ಸಾರ್ ಇರುದು. ಪೂವಪ್ಪರ ಹೆಂಡತಿ.”

ಬಾಗಿದ ಸೊಂಟ ನೆಟ್ಟಗಾಯಿತು. ಹೂಗುಚ್ಛ ಬೆನ್ನ ಹಿಂದೆ ಹೋಯಿತು. ಸಾಹೇಬರು ಮೈಕನ್ನೇ ಕಿತ್ತುಕೊಂಡರು. “ಮೋಸ! ಇವರು ಸ್ಟಾಫೇ ಅಲ್ಲ! ಆ ಪೂವಪ್ಪ ತನ್ನ ಹೆಂಡತಿಯನ್ನು ತಂದು ನಮ್ಮ ಸಿಸ್ಟಮ್ಮಿನಲ್ಲಿ ಕೂರಿಸಿದ್ದಾನೆ! ಈಗಲೇ ಅಳಿಸ್ತೇನೆ. ಈಕೆ ಕೊಟ್ಟ ರಜೆ ಎಲ್ಲ ಕ್ಯಾನ್ಸಲ್!”

ಬಾವನ ಮುಖದ ಹಬ್ಬ ಇಳಿಯಿತು. ಸಾಹೇಬರು ಫೋನು ತೆಗೆದು, ಎಲ್ಲರಿಗೂ ಕಾಣುವಂತೆ ಕೈಯೆತ್ತಿ, ಅಳಿಸುವ ಗುಂಡಿ ಒತ್ತಿದರು. ಮತ್ತೆ ಒತ್ತಿದರು. ಫೋನು ಹತ್ತಿರ ಹಿಡಿದು ಓದಿದರು. ಮೈಕು ಬಾಯಿಯ ಹತ್ತಿರವೇ ಇದ್ದದ್ದರಿಂದ ಓದಿದ್ದು ಇಡೀ ಹಾಲಿಗೆ ಕೇಳಿತು: “ಈ ಕೆಲಸಕ್ಕೆ ನಿಮಗೆ ಅಧಿಕಾರ ಇಲ್ಲ. ನಿಮ್ಮ ಕೋರಿಕೆಯನ್ನು ಲೋಲಾಕ್ಷಿ ಕುಂಜಾಡಿ ಅವರಿಗೆ ಕಳಿಸಲಾಗಿದೆ.”

ಟಿಂಗ್ ಎಂದಿತು ಹ್ಯಾಂಡ್‌ಬ್ಯಾಗು.

ಲೋಲಾಕ್ಷಿ ಜಿಪ್ಪು ತೆಗೆದಳು. ಕನ್ನಡಕ ಹುಡುಕಿದಳು, ಹಾಕಿಕೊಂಡಳು. ಪರದೆ ಓದಿದಳು, ಆಮೇಲೆ ಮೂಲೆಯ ಮೇಜಿನ ಕಡೆ ನೋಡಿದಳು. ಅಲ್ಲಿ ಬಾವ ತಲೆಯ ಟೊಪ್ಪಿ ಕೈಯಲ್ಲಿ ಹಿಡಿದು ಹಿಸುಕುತ್ತಿದ್ದ.

“ಆಕ್ಸೆಪ್ಟ್ ಒತ್ತಿ ಮೇಡಂ!” ಎಂದರು ಸಾಹೇಬರು. ಮೇಡಂ ಎನ್ನುವುದು ಅಭ್ಯಾಸಬಲದಿಂದ ಬಂತು.

“ಸಾರ್, ಈಗ ಊಟದ ಹೊತ್ತು,” ಎಂದಳು ಲೋಲಾಕ್ಷಿ. ಫೋನು ಬ್ಯಾಗಿಗೆ ಹಾಕಿದಳು. “ಸೋಮವಾರ ನೋಡುವ.”

ಮೊದಲು ನಕ್ಕದ್ದು ಫರ್ಝಾನ. ಆಮೇಲೆ ಶಾರನ್. ಆಮೇಲೆ ಯಾರು ನಗಲಿಲ್ಲ ಎಂದು ಹುಡುಕಬೇಕಾಯಿತು. ಎಷ್ಟೋ ಸೋಮವಾರಗಳಿಂದ ಒಳಗೇ ಇಟ್ಟುಕೊಂಡಿದ್ದ ನಗು. ಮೈಮೂನ ಮೇಡಂಗೆ ಶಾರನ್ ಕಿವಿಯಲ್ಲಿ ಅರ್ಥ ಹೇಳಿದಳು. ಅವರು ಗಾಜಿನ ಫಲಕವನ್ನು ತಿರುಗಿಸಿ ನೋಡಿ, “ಹೆಸರು ಕೆತ್ತಿಸಿಯಾಗಿದೆ. ಬೇರೆ ಯಾರಿಗೆ ಕೊಡಲಿ?” ಎಂದು ಲೋಲಾಕ್ಷಿಯ ಕೈಗಿಟ್ಟರು. “ಯಲ್ಲಾ, ನಡೀರಿ, ಊಟ.”

ಊಟವಾಯಿತು. ಬಾವ ಎರಡು ಸಲ ಬಡಿಸಿಕೊಂಡ, ಎರಡು ಸಲವೂ ತಿನ್ನಲಾಗಲಿಲ್ಲ. ಹೊರಡುವಾಗ ಲೋಲಾಕ್ಷಿಯ ಎದುರು ನಿಂತು, ಟೊಪ್ಪಿ ತಲೆಗಿಟ್ಟುಕೊಂಡು, “ಮನೆಯವಳ ಕೈಯ ಕಲ್ತಪ್ಪ ಮಾಡಿಸಿ ತರ್ತೇನೆ ಅಕ್ಕಾ, ಬರುವಾಗ,” ಎಂದಷ್ಟೇ ಹೇಳಿದ.

ಪೂವಪ್ಪ ಹೆಂಡತಿಯ ಕೈಯಿಂದ ಫಲಕವನ್ನು ತೆಗೆದುಕೊಂಡ. ಭಾರವಿತ್ತು. ಶರ್ಟಿನ ತುದಿಯಿಂದ ಅವಳ ಹೆಸರಿನ ಮೇಲಿದ್ದ ಬೆರಳಿನ ಗುರುತು ಒರೆಸಿದ.

“ಪೂವಪ್ಪ!” ಹಿಂದಿನಿಂದ ಯುಜಿನ್ ಸಾಹೇಬರ ಸ್ವರ. ತಟ್ಟೆ ಹಿಡಿದ ಜನರೆಲ್ಲ ತಿರುಗಿದರು. “ಸೋಮವಾರ ನಿಮ್ಮನ್ನು ನೋಡ್ಕೊಳ್ತೇನೆ! ಅವತ್ತೇ ಹೇಳಿದ್ದೆ, ನಿಮಗಿಂತ ಬಾಗಿಲಿಗೆ ಬುದ್ಧಿ ಜಾಸ್ತಿ ಅಂತ! ಹೌದಾ ಅಲ್ವಾ? ಹೇಳಿ! ಬಾಯಿ ಇಲ್ವಾ ನಿಮಗೆ?”

ಹಿಂದಿನ ಪೂವಪ್ಪನಾಗಿದ್ದರೆ “ಹೌದು ಸಾರ್” ಎನ್ನುತ್ತಿದ್ದ. ಅವನು ಫಲಕವನ್ನು ಎಡಗಂಕುಳಿಗೆ ಸೇರಿಸಿ, ಬಲಗೈಯಲ್ಲಿ ಹೆಂಡತಿಯ ಹ್ಯಾಂಡ್‌ಬ್ಯಾಗು ತೆಗೆದುಕೊಂಡ. ಮುಂದೆ ಮಗಳು, ಪಕ್ಕದಲ್ಲಿ ನೀಲಿ ಸೀರೆ. ಕ್ಲಬ್ಬಿನ ಗಾಜಿನ ಬಾಗಿಲು ಅವರು ಹತ್ತಿರ ಬಂದದ್ದು ಕಂಡು, ಕಾರ್ಡು ಕೇಳದೆ, ಯಾರನ್ನೂ ವಿಚಾರಿಸದೆ, ಎರಡೂ ಕಡೆಗೆ ಸರಿದು ದಾರಿ ಬಿಟ್ಟಿತು. ಪೂವಪ್ಪ ಹಿಂದೆ ತಿರುಗಲಿಲ್ಲ. ಬಿಸಿಲಿಗೆ ಇಳಿದು ಮೆಟ್ರೋ ಸ್ಟೇಷನ್ನಿನ ಕಡೆಗೆ ನಡೆದ.